ಗಿಡುಗಕ್ಕೆ ಜೋಡಿ ಗಡಿಯಾರ

ಎರಡನೆಯ ತರಗತಿಯ ಇಂಗ್ಲಿಷ್ ಅಭ್ಯಾಸ ಪುಸ್ತಕ ಬರೆಯುವವರು ಕೋಲಾರದ ಕಡೆ ತಲೆ ಹಾಕಿಯೂ ಮಲಗಿದವರಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಾಸವಾಗುವ ಚಿತ್ರಗಳನ್ನು ಗೆರೆ ಎಳೆದು ಸೇರಿಸಬೇಕಿತ್ತು. ನನ್ನ ಮಗ ‘ಹಾಕ್’ ಎಂಬ ಗಿಡುಗವನ್ನು ‘ಕ್ಲಾಕ್’ಗೆ ಸೇರಿಸಿದ. ಮಿಸ್ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಗಿಡುಗದ ಕೊಕ್ಕಿನಿಂದ ‘ಫೋರ್ಕ್’ವರೆಗೆ ಹೊಸ ಗೆರೆ ಎಳೆದು ಕಳಿಸಿದ್ದರು. ಮಗ ಅತ್ತ. ಅವನ ತಾತ ಕನ್ನಡಕ ಹುಡುಕಿದರು.

ನಮ್ಮ ಮಾವ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅರ್ಜಿಯಲ್ಲಿ ಒಂದಕ್ಷರ ಬಿಟ್ಟುಹೋದರೂ ಸಹಿಸುವವರಲ್ಲ. ಆದರೆ ಅವರ ಬಾಯಲ್ಲಿ ‘ಫ’ ಹೊರಡುವುದಿಲ್ಲ. “ಪೋರ್ಕ್, ಹಾಕ್… ಪೋರ್ಕ್, ಹಾಕ್…” ಎಂದು ಜೋರಾಗಿ ಓದತೊಡಗಿದರು. ಸಾರಿಗೆ ಒಗ್ಗರಣೆ ಕೊಡುತ್ತಿದ್ದ ಅತ್ತೆ ಸೌಟು ಹಿಡಿದೇ ಹೊರಬಂದರು. “ಶನಿವಾರದ ದಿನ ಏನನ್ನು ಹಾಕು ಎನ್ನುತ್ತಿದ್ದೀರಿ?”

ವಿಷಯ ಇಷ್ಟೇ. ಲಂಡನ್ ಮತ್ತು ದಕ್ಷಿಣ ಇಂಗ್ಲೆಂಡಿನವರ ಮಾತಿನಲ್ಲಿ, ಮುಂದೆ ಸ್ವರವಿಲ್ಲದ ರಕಾರ 18ನೆಯ ಶತಮಾನದಿಂದ ಸವೆಯುತ್ತ ಬಂದು ಮಾಯವಾಗಿದೆ. ಅವರಿಗೆ ಫೋರ್ಕ್ ಎಂದರೆ ‘ಫೋಕ್’, ಹಾಕ್ ಎಂದರೆ ಹೆಚ್ಚುಕಡಿಮೆ ‘ಹೋಕ್’. ಕಳ್ಳನನ್ನು ಹಿಡಿದರು ಎನ್ನುವ ‘ಕಾಟ್’, ಹಿಡಿದವನನ್ನು ಒಯ್ಯುವ ಕೋರ್ಟ್, ಎರಡಕ್ಕೂ ಅಲ್ಲಿ ಒಂದೇ ಉಚ್ಚಾರ. ಇದನ್ನು ಹೇಳಿದ್ದೇ ತಡ, ಮಾವ ಕೆರಳಿದರು. “ಕೋರ್ಟಿನಲ್ಲಿ ರ ಇಲ್ಲವೆ? ಹಾಗಾದರೆ ನನಗೆ ಪಿಂಚಣಿ ಕೊಡುತ್ತಿರುವವರು ಯಾರು?”

ಟೊರಾಂಟೊದಲ್ಲಿರುವ ನಾದಿನಿಗೆ ವಿಡಿಯೊ ಕರೆ ಹೋಯಿತು. ಅಲ್ಲೇ ಹುಟ್ಟಿ ಬೆಳೆದ ಅವಳ ಮಗಳು ನಿದ್ದೆಗಣ್ಣಿನಲ್ಲಿ “ಹಾಕ್, ಕ್ಲಾಕ್” ಎಂದಳು. ಅಪ್ಪಟ ಪ್ರಾಸ! ಕೆನಡಾದಲ್ಲೂ ಅಮೆರಿಕದ ಪಶ್ಚಿಮ ಭಾಗದಲ್ಲೂ ಆ ಎರಡು ಸ್ವರಗಳು ಬೆರೆತು ಒಂದಾಗಿವೆ. ರಕಾರವಂತೂ ಗಟ್ಟಿಯಾಗಿ ಉಳಿದಿದೆ. ಅಷ್ಟೇಕೆ, ಚಿನ್ನದ ಗಣಿಗಳಿಗಾಗಿ ನಮ್ಮ ಕೆಜಿಎಫ್‌ಗೆ ಬಂದಿಳಿದ ಕಾರ್ನ್‌ವಾಲ್‌ನವರ ಹಳೆಯ ಆಡುಮಾತಿನಲ್ಲೂ ರಕಾರ ಅಲುಗುವುದಿಲ್ಲ. ಈ ಮೊಕದ್ದಮೆ ಅವರ ಮುಂದೆ ನಡೆದಿದ್ದರೆ ಫೋರ್ಕ್ ಮೊದಲ ವಿಚಾರಣೆಯಲ್ಲೇ ವಜಾ.

ಮಾವ ಮಾತ್ರ ಇಡೀ ಇಂಗ್ಲಿಷನ್ನೇ ವಜಾ ಮಾಡಿದ್ದರು. ಪ್ರಾಸವನ್ನು ಬಾಲದಲ್ಲಿ ಕಟ್ಟಿಕೊಂಡರೆ ಹೀಗೇ ಆಗುವುದಂತೆ. ಹಳಗನ್ನಡ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲೇ ಕಟ್ಟಿದ್ದರು. ಕೋಲಾರ, ಮಾಲೂರು: ಎರಡರಲ್ಲೂ ಲಕಾರ. “ಗಿಡುಗ, ಗಡಿಯಾರ. ಎರಡರಲ್ಲೂ ಡಕಾರ. ಕನ್ನಡದಲ್ಲೂ ನನ್ನ ಮೊಮ್ಮಗನದೇ ಸರಿ!”

ಈ ತೀರ್ಪನ್ನು ಹೊತ್ತು ನಾನು ಶಾಲೆಗೆ ಹೋದೆ. ಮಿಸ್ ಪುಸ್ತಕ ತೆಗೆದು “ಫೋರ್ಕ್… ಹಾಕ್…” ಎಂದು ಶುದ್ಧ ಕೋಲಾರದ ಇಂಗ್ಲಿಷಿನಲ್ಲಿ ಓದಿದರು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಓದಿದರು. ಆಮೇಲೆ ಕೊನೆಯ ಪುಟದ ಉತ್ತರ ತೋರಿಸಿ, ದನಿ ತಗ್ಗಿಸಿ ಹೇಳಿದರು: “ಪ್ರಾಸ ಬರದಿದ್ದರೆ ಹೋಗಲಿ ಬಿಡಿ ಮೇಡಂ, ಪರೀಕ್ಷೆಯಲ್ಲಿ ಫೋರ್ಕ್‌ಗೇ ಸೇರಿಸಲಿ. ಅಂಕ ಬರುತ್ತದೆ.”