ಇಪ್ಪತ್ತಕ್ಕೆ ಹತ್ತು ಬರಲೇಬೇಕೆ?

ತ್ರಿಭುಜದ ಮೂರು ಕೋನ ಕೂಡಿದರೆ 180 ಡಿಗ್ರಿ ಎಂದು ಹಲಗೆಯ ಮೇಲೆ ಬರೆದ ಮೇಲೆ ಯಾವ ತ್ರಿಭುಜವೂ ಎದುರಾಡುವುದಿಲ್ಲ. ನಾಣ್ಯ ಹಾಗಲ್ಲ. ಶಿರ ಬೀಳುವ ಸಂಭವನೀಯತೆ 1/2 ಎಂದು ಬರೆದು, ಚಾಕ್‌ಪೀಸ್ ಕೆಳಗಿಟ್ಟು, ‘ಬನ್ನಿ, ನೋಡೇಬಿಡೋಣ’ ಎಂದು ಹತ್ತು ಸಲ ಚಿಮ್ಮಿದರೆ ಏಳು ಸಲ ಪುಚ್ಛ ಬಿದ್ದಿರುತ್ತದೆ. ‘ಸಾರ್, ಅರ್ಧ ಅಂದ್ರಲ್ಲ?’ ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ಹೊರಡುತ್ತದೆ. ಇಡೀ ತರಗತಿ ನಾಣ್ಯದ ಪಕ್ಷ.

ಆಗ ಮೇಷ್ಟರ ಬಾಯಿಂದ ತಾನಾಗಿ ಬರುವ ಮಾತು ‘ಇನ್ನಷ್ಟು ಸಲ ಚಿಮ್ಮಿದರೆ ಸರಿಹೋಗುತ್ತದೆ’ ಎಂಬುದು. ಮಾತು ಪೂರ್ತಿ ಸುಳ್ಳಲ್ಲ, ಆದರೆ ಮಕ್ಕಳ ಕಿವಿಗೆ ಅದು ಬೀಳುವ ಬಗೆಯೇ ಬೇರೆ. ನಾಣ್ಯ ನಾಲ್ಕು ಶಿರ ಬಾಕಿ ಉಳಿಸಿಕೊಂಡಿದೆ, ಸಾಲಗಾರನ ಹಾಗೆ ಇಂದಲ್ಲ ನಾಳೆ ತೀರಿಸುತ್ತದೆ ಎಂದೇ ಅವರು ತಿಳಿಯುತ್ತಾರೆ. ನಾಣ್ಯ ಯಾವ ಬಾಕಿಯನ್ನೂ ತೀರಿಸುವುದಿಲ್ಲ. ಇದನ್ನು ಬಾಯಲ್ಲಿ ಹೇಳಿ ಉಪಯೋಗವಿಲ್ಲ, ಮಕ್ಕಳ ಕೈಯಲ್ಲೇ ಎಣಿಸಿಸಬೇಕು.

ನಲವತ್ತು ಮಕ್ಕಳಿದ್ದಾರೆ ಎನ್ನೋಣ. ತಲಾ ಇಪ್ಪತ್ತು ಸಲ ಚಿಮ್ಮಲಿ. ಆದರೆ ಚಿಮ್ಮುವ ಮುಂಚೆ ಎಷ್ಟು ಶಿರ ಬರಬಹುದೆಂಬ ಊಹೆಯನ್ನು ಪೆನ್ಸಿಲ್ಲಿನಲ್ಲಲ್ಲ, ಪೆನ್ನಿನಲ್ಲಿ ಬರೆಯಲಿ. ಪೆನ್ಸಿಲ್ ಕೊಟ್ಟರೆ ಎಲ್ಲರ ಊಹೆಯೂ ಕೊನೆಗೆ ನಿಜವಾಗಿರುತ್ತದೆ! ನಾಣ್ಯ ಬೆಂಚಿನಿಂದ ಉರುಳಿ ಕೆಳಗೆ ಬಿದ್ದರೆ ಲೆಕ್ಕಕ್ಕಿಲ್ಲ ಎಂಬ ನಿಯಮವನ್ನೂ ಮೊದಲೇ ಮಾಡಿಕೊಳ್ಳಬೇಕು. ಬಿದ್ದದ್ದನ್ನು ನೋಡಿದ ಮೇಲೆ ನಿಯಮ ಮಾಡಲು ಹೊರಟರೆ ಬೇಡದ ಫಲಿತಗಳೆಲ್ಲ ನೆಲದ ಪಾಲಾಗುತ್ತವೆ. ಬೆಂಚಿನ ಮೇಲೊಂದು ಬಟ್ಟೆ ಹಾಸಿದರೆ ಉರುಳುವುದೂ ಕಡಿಮೆ, ನಲವತ್ತು ನಾಣ್ಯಗಳ ಸದ್ದಿಗೆ ಪಕ್ಕದ ತರಗತಿಯಿಂದ ದೂರು ಬರುವುದೂ ಕಡಿಮೆ. ಫಲಿತವನ್ನು ಬರೀ ಗೀಟು ಹಾಕಿ ಎಣಿಸದೆ ಶಿ, ಪು, ಪು ಎಂದು ಬಿದ್ದ ಕ್ರಮದಲ್ಲೇ ಬರೆಸಬೇಕು. ಕ್ರಮ ಕಳೆದುಹೋದರೆ ಆಮೇಲೆ ನೋಡಬೇಕಾದ ಅರ್ಧ ಸಂಗತಿ ಕಳೆದುಹೋದಂತೆ.

ಹಲಗೆಯ ಮೇಲೆ 0ರಿಂದ 20ರವರೆಗೆ ಒಂದು ಗೆರೆ ಎಳೆದು, ಪ್ರತಿ ಮಗುವೂ ಬಂದು ತನ್ನ ಶಿರದ ಸಂಖ್ಯೆಯ ಮೇಲೆ ಒಂದು ಚುಕ್ಕೆ ಇಡಲಿ. ಸರಿಯಾಗಿ ಹತ್ತು ಬಂದವರು ಸುಮಾರು ಏಳು ಮಂದಿ ಸಿಕ್ಕಾರು, ಏಕೆಂದರೆ ಇಪ್ಪತ್ತಕ್ಕೆ ಹತ್ತೇ ಬರುವ ಸಂಭವನೀಯತೆ 0.176 ಮಾತ್ರ. 6ರಿಂದ 14ರ ಒಳಗೆ ಬರುವುದು ನೂರಕ್ಕೆ 96ರಷ್ಟು. ಹಾಗಾಗಿ ನಲವತ್ತರಲ್ಲಿ ಒಬ್ಬಿಬ್ಬರು ಅದರಾಚೆ ಹೋಗಿರುವುದೂ ಸಹಜ. ಹದಿನೈದು ಶಿರ ಬಂದ ಮಗು ತಾನು ತಪ್ಪು ಮಾಡಿದೆನೆಂದು ಗುಟ್ಟಾಗಿ ಇನ್ನೊಮ್ಮೆ ಚಿಮ್ಮುತ್ತದೆ. ಆ ಚುಕ್ಕೆಯನ್ನು ಉಳಿಸಿಕೊಳ್ಳುವುದೇ ಮೇಷ್ಟರ ದೊಡ್ಡ ಕೆಲಸ.

ಈಗ ಎಲ್ಲವನ್ನೂ ಕೂಡೋಣ. ಒಟ್ಟು 800 ಸಲ ಚಿಮ್ಮಿದ್ದರಲ್ಲಿ 415 ಶಿರ, 385 ಪುಚ್ಛ ಬಂತೆನ್ನಿ. ಒಂದು ಮಗುವಿಗೆ ಬಂದದ್ದು 13 ಶಿರ, 7 ಪುಚ್ಛ. ಮಗುವಿನ ಅಂತರ ಬರೀ 6, ಇಡೀ ತರಗತಿಯದು 30. ಅಂದರೆ ಬಾಕಿ ತೀರಲಿಲ್ಲ, ಬೆಳೆಯಿತು. ಆದರೆ ಭಾಗಾಕಾರ ಮಾಡಿ ನೋಡಿ: ಮಗುವಿನದು 0.65, ತರಗತಿಯದು 0.519. ಅಂತರ ಹಿಗ್ಗಿಯೂ ಅನುಪಾತ ಅರ್ಧದ ಹತ್ತಿರ ಬಂತು. ಈ ಎರಡನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಬರೆಸದಿದ್ದರೆ ಪಾಠ ಮಾಡಿಯೂ ಮಾಡಿದಂತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಜಾನ್ ಕೆರಿಕ್ ನಾಣ್ಯವೊಂದನ್ನು 10,000 ಸಲ ಚಿಮ್ಮಿ ಬರೆದಿಟ್ಟರು. ಶಿರ ಬಂದದ್ದು 5,067 ಸಲ. ಅಂತರ 134, ಅನುಪಾತ 0.5067. ಅಷ್ಟು ಪುರುಸೊತ್ತು ಟೈಮ್‌ಟೇಬಲ್ಲಿನಲ್ಲಿ ಯಾರಿಗೂ ಸಿಗುವುದಿಲ್ಲ.

ಕ್ರಮದಲ್ಲಿ ಬರೆಯುವ ಅಭ್ಯಾಸ ಫಲ ಕೊಡುವುದು ಮುಂದಿನ ಆಟದಲ್ಲಿ. ಅರ್ಧ ತರಗತಿ ನಿಜವಾಗಿ 50 ಸಲ ಚಿಮ್ಮಿ ಬರೆಯಲಿ, ಉಳಿದರ್ಧ ನಾಣ್ಯ ಮುಟ್ಟದೆ ಮನಸ್ಸಿಗೆ ಬಂದಂತೆ 50 ಶಿ-ಪು ಬರೆಯಲಿ. ಮೇಷ್ಟರು ಹೊರಗೆ ನಿಂತಿದ್ದು, ಬಂದು ಹಾಳೆಗಳನ್ನು ನೋಡಿ ಯಾವುದು ಅಸಲಿ, ಯಾವುದು ನಕಲಿ ಹೇಳಬೇಕು. ಗುಟ್ಟು ಇಷ್ಟೇ: ಒಂದೇ ಮುಖ ಸತತವಾಗಿ ಐದು ಸಲವಾದರೂ ಬಿದ್ದ ಹಾಳೆ ಅಸಲಿ ಇರಬಹುದು. ನಿಜವಾಗಿ 50 ಸಲ ಚಿಮ್ಮಿದಾಗ ಅಂಥ ಸಾಲು ಬರುವುದು ನೂರಕ್ಕೆ ಸುಮಾರು 82ರಷ್ಟು. ಕೈಯಿಂದ ಬರೆಯುವ ಮಗು ಮೂರು ಶಿ ಬರೆಯುವಷ್ಟರಲ್ಲಿ ‘ಅಯ್ಯೋ, ಜಾಸ್ತಿಯಾಯಿತು’ ಎಂದು ಪು ಬರೆದುಬಿಡುತ್ತದೆ. ಮೇಷ್ಟರು ಅಲ್ಲೊಂದು ಇಲ್ಲೊಂದು ಹಾಳೆಯಲ್ಲಿ ಮೋಸಹೋಗುವುದು ಖಂಡಿತ. ಆ ಉಳಿದ ನೂರಕ್ಕೆ 18 ಏನೆಂದು ವಿವರಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿಲ್ಲ.

ಎರಡು ನಾಣ್ಯಗಳಿಗೆ ಬಂದರೆ ಬುದ್ಧಿವಂತರೂ ಎಡವುತ್ತಾರೆ. ಎರಡೂ ಶಿರ, ಎರಡೂ ಪುಚ್ಛ, ಒಂದೊಂದು. ಮೂರು ಬಗೆಯಿದ್ದ ಮೇಲೆ ಒಂದೊಂದಕ್ಕೂ 1/3 ಎಂಬುದು ಮಕ್ಕಳ ವಾದ. ಅದನ್ನು ಕೇಳಿ ನಗಬೇಕಾಗಿಲ್ಲ. ಫ್ರಾನ್ಸಿನ ದಲಾಂಬೇರ್ ದೊಡ್ಡ ಗಣಿತಜ್ಞ. 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಆತ ಎರಡು ಚಿಮ್ಮಿನಲ್ಲಿ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ 2/3 ಎಂದು ವಾದಿಸಿದ್ದ. ಮೊದಲ ಸಲವೇ ಶಿರ ಬಿದ್ದರೆ ಆಟ ಮುಗಿಯಿತಲ್ಲ, ಆದ್ದರಿಂದ ಇರುವುದು ಮೂರೇ ದಾರಿ ಎಂಬುದು ಅವನ ತರ್ಕ. ಸರಿಯುತ್ತರ 3/4. ಮೂರು ದಾರಿ ಇರುವುದು ನಿಜ, ಮೂರಕ್ಕೂ ಸಮಪಾಲಿಲ್ಲ. ತರಗತಿಯಲ್ಲಿ ಇದಕ್ಕೆ ಮದ್ದು ಸುಲಭ: ಒಂದು ದೊಡ್ಡ ನಾಣ್ಯ, ಒಂದು ಚಿಕ್ಕ ನಾಣ್ಯ ಕೊಡಿ. ‘ದೊಡ್ಡದು ಶಿರ, ಚಿಕ್ಕದು ಪುಚ್ಛ’ ಮತ್ತು ‘ದೊಡ್ಡದು ಪುಚ್ಛ, ಚಿಕ್ಕದು ಶಿರ’ ಬೇರೆ ಬೇರೆ ಎಂಬುದು ಕಣ್ಣಿಗೇ ಕಾಣುತ್ತದೆ. ದಾಳಗಳಿಗೂ ಇದೇ ಉಪಾಯ. ಒಂದು ಕೆಂಪು, ಒಂದು ಬಿಳಿ ಕೊಟ್ಟು 36 ಮನೆಗಳ ಚೌಕ ಬರೆಸಿದರೆ ಮೊತ್ತ 7 ಆರು ಮನೆಗಳಲ್ಲಿ, 2 ಒಂದೇ ಮನೆಯಲ್ಲಿ ಇರುವುದು ತಾನಾಗಿ ಸಿಗುತ್ತದೆ.

ಇಸ್ಪೀಟು ಎಲೆಗಳ ಲೆಕ್ಕವನ್ನು ಮಾತ್ರ ಪುಸ್ತಕದವರು ಏಕಿಷ್ಟು ಪ್ರೀತಿಸುತ್ತಾರೋ. ಎಲೆ ಕಂಡೇ ಇರದ ಮಗು ಅಲ್ಲಿ ಸೋಲುವುದು ಗಣಿತದಲ್ಲಲ್ಲ.

ಚೀಲದ ಪ್ರಯೋಗಕ್ಕೆ ಬೇಕಾದದ್ದು ಒಳಗಿರುವುದು ಕಾಣದ ಚೀಲ, ಒಂದೇ ಗಾತ್ರದ ಮಣಿಗಳು. ಗಾತ್ರದಲ್ಲಿ ಕೊಂಚ ವ್ಯತ್ಯಾಸವಿದ್ದರೂ ಬೆರಳು ಕಳ್ಳತನ ಕಲಿಯುತ್ತದೆ. ತೆಗೆದ ಮಣಿಯನ್ನು ಮತ್ತೆ ಹಾಕಿ ಚೆನ್ನಾಗಿ ಕುಲುಕದಿದ್ದರೆ ಅದೇ ಮಣಿ ಮೇಲೆಯೇ ಕೂತಿದ್ದು ಮತ್ತೆ ಕೈಗೆ ಬರುತ್ತದೆ. ಒಂದು ಚೀಲದಲ್ಲಿ ಐದಕ್ಕೆ ಮೂರು ಕೆಂಪು, ಇನ್ನೊಂದರಲ್ಲಿ ಒಂಬತ್ತಕ್ಕೆ ಐದು ಕೆಂಪು ಇಟ್ಟು ‘ಕೆಂಪು ಬೇಕಾದರೆ ಯಾವ ಚೀಲ?’ ಎಂದು ಕೇಳಿ. ಅನೇಕರು ಐದು ಕೆಂಪಿನ ಚೀಲಕ್ಕೇ ಕೈ ಚಾಚುತ್ತಾರೆ. 3/5 ಎಂದರೆ 27/45, 5/9 ಎಂದರೆ 25/45. ಭಿನ್ನರಾಶಿ ಪಕ್ಕಾ ಆಗಿಲ್ಲದಿದ್ದರೆ ಇಲ್ಲಿ ಗೊತ್ತಾಗುತ್ತದೆ. ವ್ಯತ್ಯಾಸ ಇಷ್ಟು ಸಣ್ಣದಿದ್ದಾಗ ಹತ್ತಿಪ್ಪತ್ತು ಸಲ ಮಣಿ ತೆಗೆದು ತೀರ್ಮಾನಿಸಲು ಹೋಗಬಾರದು. ತಪ್ಪು ಚೀಲವೇ ಗೆದ್ದೀತು!

‘ಆದರೆ ಆಯಿತು, ಇಲ್ಲದಿದ್ದರೆ ಇಲ್ಲ, ಅಂದರೆ ಅರ್ಧ-ಅರ್ಧ’ ಎಂಬ ಮೊಂಡುವಾದ ಇಷ್ಟಾದರೂ ಒಂದಿಬ್ಬರಲ್ಲಿ ಉಳಿದಿರುತ್ತದೆ. ಅವರ ಕೈಗೆ ಬಾಟಲಿಯ ಮುಚ್ಚಳ ಕೊಡಬೇಕು. ಹತ್ತು ಒಂದೇ ತರದ ಮುಚ್ಚಳಗಳನ್ನು ಡಬ್ಬಿಯಲ್ಲಿ ಕುಲುಕಿ ಒಂದೇ ಎತ್ತರದಿಂದ ಹತ್ತು ಸಲ ಸುರಿದರೆ ನೂರು ಫಲಿತ ಕೈಯಲ್ಲಿರುತ್ತದೆ. ಅಂಗಾತ ಬಿದ್ದವು, ಬೋರಲು ಬಿದ್ದವು, ಅಂಚಿನ ಮೇಲೆ ನಿಂತವು ಬೇರೆ ಬೇರೆ. ಎರಡೂ ಕಡೆಗೆ ಒಂದೇ ರೂಪವಿಲ್ಲದ ವಸ್ತುವಿಗೆ ಕೂತಲ್ಲೇ ಅರ್ಧ ಎನ್ನಲು ಆಧಾರವಿಲ್ಲ. ಬಂದ ಅನುಪಾತವನ್ನೇ ಅಂದಾಜಾಗಿ ಇಟ್ಟುಕೊಳ್ಳಬೇಕು. ಪಕ್ಕದ ಗುಂಪಿನವರು ಆಳವಾದ ಮುಚ್ಚಳ ಸುರಿದು ಬೇರೆಯೇ ಅಂಕಿ ತಂದರೆ ಜಗಳ ಶುರುವಾಗುತ್ತದೆ. ಆಗ ಮೇಷ್ಟರು ತೀರ್ಪು ಕೊಡುವ ಬದಲು ಇನ್ನೂ ನೂರು ಸಲ ಸುರಿಯಲು ಹೇಳುವುದು ಒಳ್ಳೆಯದು. ಅಷ್ಟರಲ್ಲಿ ಬೆಲ್ಲೂ ಹೊಡೆಯುತ್ತದೆ.