ಮಾತ್ರೆ ತಗೊಂಡ್ರೂ ಯಾಕೆ ಹೀಗಿದ್ದಾನೆ?

ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇರುವವರಿಗೆ ಅಂಗವಿಕಲರ ಪ್ರಮಾಣಪತ್ರ ಕೊಡುವಾಗ ಏನೇನು ನೋಡುತ್ತಾರೆ ಗೊತ್ತಾ? ಐಡಿಯಾಸ್ ಅಂತ ಒಂದು ಮಾಪನ ಇದೆ. ನಾಲ್ಕು ವಿಷಯಕ್ಕೆ 0ಯಿಂದ 4ರವರೆಗೆ ಅಂಕ. ಸ್ನಾನ, ಬಟ್ಟೆ, ಊಟ ತಾನೇ ನೋಡಿಕೊಳ್ಳುತ್ತಾರಾ? ಜನರ ಜೊತೆ ಹೇಗಿರುತ್ತಾರೆ? ಹೇಳಿದ್ದು ಅರ್ಥ ಆಗುತ್ತಾ, ತನಗೆ ಅನಿಸಿದ್ದನ್ನು ಹೇಳೋಕೆ ಆಗುತ್ತಾ? ಕೆಲಸ ಮಾಡುತ್ತಾರಾ? ಕಾಯಿಲೆ ಎಷ್ಟು ವರ್ಷದ್ದು ಅನ್ನೋದಕ್ಕೂ ಅಂಕ ಇದೆ. ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳುತ್ತಾ ಅನ್ನೋದಕ್ಕೆ ಅಲ್ಲಿ ಅಂಕವೇ ಇಲ್ಲ.

ಸಿನಿಮಾ ನೋಡಿ ಈ ಕಾಯಿಲೆ ತಿಳಿದುಕೊಂಡವರಿಗೆ ಇದು ವಿಚಿತ್ರ ಅನಿಸಬಹುದು. ಮನೆಯಲ್ಲಿ ಇಟ್ಟುಕೊಂಡವರಿಗೆ ಅನಿಸಲ್ಲ. ಮಾತ್ರೆ ಶುರುವಾದ ಮೇಲೆ ನಮ್ಮ ಅಣ್ಣನಿಗೆ ಧ್ವನಿ ಕೇಳೋದು ನಿಂತಿತು. ಪಕ್ಕದ ಮನೆಯವರು ಏನೋ ಮಾಡಿಸಿದ್ದಾರೆ ಅನ್ನೋ ಅನುಮಾನವೂ ಹೋಯಿತು. ನೆಂಟರ ಲೆಕ್ಕದಲ್ಲಿ ಹುಷಾರಾದ. ಆಮೇಲೆ ಶುರುವಾಯಿತು ನೋಡಿ: 'ಮಾತ್ರೆ ತಗೊಂಡ್ರೂ ಯಾಕೆ ಹೀಗಿದ್ದಾನೆ? ಸುಮ್ನೆ ಕೂತಿರ್ತಾನೆ. ಸೋಮಾರಿ ಆಗ್ಬಿಟ್ಟಿದ್ದಾನೆ. ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ.'

ನಾನು ಹೇಳಬೇಕಾದ್ದು ಇಷ್ಟೇ. ಈ ಕಾಯಿಲೆಯ ಗದ್ದಲವನ್ನು ಮಾತ್ರ ನಾವು ಕಾಯಿಲೆ ಅಂತೀವಿ. ಗದ್ದಲ ಅಡಗಿದ ಮೇಲೆ ಉಳಿಯೋದನ್ನು ಸ್ವಭಾವ ಅಂತ ಬೈತೀವಿ. ಅದೂ ಕಾಯಿಲೆಯೇ. ಎಷ್ಟೋ ಜನರ ಬದುಕನ್ನು ಕಟ್ಟಿಹಾಕೋದು ಧ್ವನಿಗಿಂತ ಜಾಸ್ತಿ ಅದೇ.

ಅಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳುತ್ತಾಳೆ: 'ಅಂಗಡಿಗೆ ಹೋಗಿ ಅರ್ಧ ಕೇಜಿ ತೊಗರಿಬೇಳೆ, ಒಂದು ಕಟ್ಟು ಕೊತ್ತಂಬರಿ ತಗೊಂಡ್ ಬಾ. ಬರ್ತಾ ಟೈಲರ್ ಹತ್ರ ಬ್ಲೌಸ್ ಆಯ್ತಾ ಕೇಳು.' ಅಣ್ಣ ಹೋಗುತ್ತಾನೆ. ಬೇಳೆ ಬರುತ್ತೆ. ಕೊತ್ತಂಬರಿ ಕೆಲವು ಸಲ ಬರುತ್ತೆ, ಕೆಲವು ಸಲ ಇಲ್ಲ. ಟೈಲರ್ ಅಂಗಡಿ ಮುಂದೆಯೇ ನಡೆದು ಬಂದಿರುತ್ತಾನೆ. ಕಿವಿ ಸರಿಯಾಗಿದೆ. ತೊಗರಿಬೇಳೆ ಯಾವುದು, ಕಡಲೆಬೇಳೆ ಯಾವುದು ಗೊತ್ತು. ಅವನು ಚಿಕ್ಕವನಿದ್ದಾಗಿನ ಕ್ರಿಕೆಟ್ ಸ್ಕೋರ್ ಕೇಳಿ, ಈಗಲೂ ಪಟಪಟ ಹೇಳುತ್ತಾನೆ. ಕಷ್ಟ ಆಗೋದು ಮೂರು ವಿಷಯ ಒಟ್ಟಿಗೆ ತಲೆಯಲ್ಲಿ ಹಿಡಿದುಕೊಂಡು ನಡೆಯೋದು. ದಾರಿಯಲ್ಲಿ ಯಾರಾದರೂ ಸಿಕ್ಕಿ 'ಏನಪ್ಪಾ ಹೇಗಿದ್ದೀಯಾ' ಅಂದರೆ ಮುಗೀತು.

ಇದಕ್ಕೆ ಡಾಕ್ಟರುಗಳು ವರ್ಕಿಂಗ್ ಮೆಮೊರಿ ಅಂತಾರೆ. ಇದೊಂದೇ ಅಲ್ಲ. ಸ್ಕಿಜೋಫ್ರೇನಿಯಾದಲ್ಲಿ ಯೋಚನಾಶಕ್ತಿ ಅಳೆಯೋಕೆ ಅಮೆರಿಕದಲ್ಲಿ ತಯಾರಾದ ಮ್ಯಾಟ್ರಿಕ್ಸ್ ಪರೀಕ್ಷೆಯಲ್ಲಿ 7 ವಿಭಾಗ ಇವೆ. ತಲೆ ಎಷ್ಟು ಚುರುಕಾಗಿ ಓಡುತ್ತೆ, ಗಮನ ಎಷ್ಟು ಹೊತ್ತು ನಿಲ್ಲುತ್ತೆ, ಕೇಳಿದ್ದು ನೋಡಿದ್ದು ನೆನಪಿರುತ್ತಾ, ಅಡ್ಡಿ ಬಂದರೆ ದಾರಿ ಹುಡುಕೋಕೆ ಆಗುತ್ತಾ, ಹೀಗೆ. ಎಷ್ಟೋ ಜನರಲ್ಲಿ ಈ ತೊಂದರೆ ಧ್ವನಿ ಕೇಳೋಕೆ ಮುಂಚೆಯೇ ಶುರುವಾಗಿರುತ್ತೆ. ಎಸ್‌ಎಸ್‌ಎಲ್‌ಸಿಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗ ಪಿಯುಸಿಗೆ ಬಂದು ಕುಸಿಯುತ್ತಾನೆ. ಮನೆಯವರಿಗೆ ಮೊಬೈಲ್ ಮೇಲೆ, ಗೆಳೆಯರ ಮೇಲೆ ಅನುಮಾನ. (ಮಾರ್ಕ್ಸ್ ಕಡಿಮೆ ಬಂದವರಿಗೆಲ್ಲ ಇದೇ ಅಂತಲ್ಲ ಮತ್ತೆ, ಗಾಬರಿ ಬೇಡ.) 19ನೇ ಶತಮಾನದ ಕೊನೆಯಲ್ಲೇ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ಈ ಕುಸಿತವನ್ನು ಗುರುತಿಸಿದ್ದ. ಆದರೆ ಇದು ಮುಪ್ಪಿನ ಮರೆವಿನ ಹಾಗೆ ಇಳಿಯುತ್ತಲೇ ಹೋಗುತ್ತೆ ಅಂದುಕೊಂಡ. ಹಾಗಾಗಲ್ಲ. ಬಹಳ ಜನರಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತೆ.

ಆ ಪರೀಕ್ಷೆಯ ಏಳನೇ ವಿಭಾಗ ಎದುರಿನವರ ಭಾವನೆ ಅರಿಯೋದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ನೆಂಟರಿಷ್ಟರ ಮುಂದೆ ಮರ್ಯಾದೆ ಹೋಗೋದು ಇಲ್ಲೇ. ನಮ್ಮ ಕಡೆ ಮನೆಗೆ ಬಂದವರು ಕಾಫಿ ಅಂದಕೂಡಲೇ 'ಅಯ್ಯೋ ಬೇಡ, ಈಗ ತಾನೇ ಆಯ್ತು' ಅನ್ನಬೇಕು. ನಾವು 'ಅರ್ಧ ಲೋಟ ಕುಡೀರಿ' ಅನ್ನಬೇಕು. ಆಗ ಅವರು 'ಸರಿ, ಸ್ವಲ್ಪ ಕೊಡಿ' ಅನ್ನಬೇಕು. ಅಣ್ಣನಿಗೆ ಬೇಡ ಅಂದರೆ ಬೇಡ. ಎದ್ದು ಒಳಗೆ ಹೋಗುತ್ತಾನೆ. ಅವನೇ ಸರಿ ಅಂತ ನನಗೆ ಅನಿಸಿದ್ದೂ ಉಂಟು! ಆದರೆ ಎಲ್ಲವೂ ಕಾಫಿಯಷ್ಟು ಹಗುರ ಅಲ್ಲ. ತಮಾಷೆ ಮಾತು ಚುಚ್ಚುಮಾತಾಗಿ ಕೇಳಬಹುದು. ಸುಮ್ಮನಿರುವ ಮುಖವೂ ಸಿಟ್ಟಿನ ಮುಖದ ಹಾಗೆ ಕಾಣಬಹುದು. ಆಫೀಸಿನಲ್ಲಿ ಹೀಗಾದರೆ ಕೆಲಸ ಉಳಿಯುತ್ತಾ?

ಇದನ್ನು ಪರೀಕ್ಷೆ ಮಾಡೋಕೆ ವಿದೇಶಿಯರ ಮುಖ ತೋರಿಸಿದರೆ ನಮ್ಮವರಿಗೆ ಕಷ್ಟ ಅಲ್ವಾ? ಅದಕ್ಕೇ ನಿಮ್ಹಾನ್ಸ್‌ನವರು 2008ರಲ್ಲಿ ಭಾರತೀಯ ಕಲಾವಿದರ ಫೋಟೋ ಮತ್ತು ವಿಡಿಯೋ ಬಳಸಿ ಟ್ರೆಂಡ್ಸ್ ಅನ್ನೋ ಪರೀಕ್ಷೆ ತಂದರು. ಆಮೇಲೆ ಸೋಕ್ರಾಟಿಸ್ ಬಂತು. ನಮ್ಮ ಜನಜೀವನಕ್ಕೆ ಹೊಂದಿಸಿದ ಚಿಕ್ಕ ಕತೆ ಹೇಳಿ, ಅದರಲ್ಲಿರುವವರ ಮನಸ್ಸಿನಲ್ಲಿ ಏನಿದೆ ಅಂತ ಕೇಳುವ ಪರೀಕ್ಷೆ ಅದು. ಮಾತ್ರೆ ಜೊತೆಗೆ ಯೋಗ ಮಾಡಿಸಿದರೆ ಮುಖದ ಭಾವ ಗುರುತಿಸೋದು ಸುಧಾರಿಸುತ್ತೆ ಅಂತ ಅಲ್ಲಿನ 2011ರ ಅಧ್ಯಯನ ಹೇಳುತ್ತೆ.

ಅಪ್ಪ ತೀರಿಕೊಂಡಾಗ ಅಣ್ಣ ಅಳಲಿಲ್ಲ. ಮುಖ ಹೇಗಿತ್ತೋ ಹಾಗೇ ಇತ್ತು. 'ಕಲ್ಲು ಮನಸ್ಸು' ಅಂತ ಅತ್ತೆ ಅವನಿಗೆ ಕೇಳಿಸುವ ಹಾಗೇ ಅಂದರು. ಅದಾದ ಮೇಲೆ ಎಷ್ಟೋ ದಿನ ರಾತ್ರಿ ಊಟ ಆದಮೇಲೆ ಅವನು ತನ್ನ ಮಾತ್ರೆ ಪಕ್ಕ ಅಪ್ಪನ ಬಿಪಿ ಮಾತ್ರೆಯನ್ನೂ ತೆಗೆದಿಡುತ್ತಿದ್ದ. ಅಮ್ಮ ಅದನ್ನು ವಾಪಸ್ ಡಬ್ಬಿಗೆ ಹಾಕುತ್ತಿದ್ದಳು. ಮರುದಿನ ಮತ್ತೆ ಇಡುತ್ತಿದ್ದ. ಯಾಕೋ ಅಂತ ಕೇಳಿದೆ. 'ಸ್ಟ್ರಿಪ್ಪಲ್ಲಿ ಇನ್ನೂ ಇದೆಯಲ್ಲ' ಅಂದ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಆ್ಯನ್ ಕ್ರಿಂಗ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಈ ಕಾಯಿಲೆ ಇರುವವರಿಗೆ ಸಿನಿಮಾ ತುಣುಕು ತೋರಿಸಿ ಅವರ ಮುಖ ಗಮನಿಸಿದರು. ಏನನಿಸಿತು ಅಂತಲೂ ಕೇಳಿದರು. ಮುಖದಲ್ಲಿ ಭಾವನೆ ಕಡಿಮೆ ಕಂಡಿತು. ಒಳಗೆ ಅನಿಸಿದ್ದು ಮಾತ್ರ ಬೇರೆಯವರಿಗೆ ಅನಿಸಿದಷ್ಟೇ ಇತ್ತು. ಇದನ್ನು ಓದಿದ ಮೇಲೆ ಅತ್ತೆ ಮೇಲಿನ ಸಿಟ್ಟು ಇನ್ನೂ ಜಾಸ್ತಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಅಧ್ಯಯನಗಳಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಸಿಕ್ಕ ಖುಷಿಯನ್ನು ಇವರು ಅನುಭವಿಸುತ್ತಾರೆ. ಮುಂದೆ ಸಿಗುವ ಖುಷಿಯನ್ನು ಈಗ ಊಹಿಸಿಕೊಳ್ಳೋದು ಕಷ್ಟ. ಹೋಟೆಲ್‌ಗೆ ಹೋಗೋಣ ಅಂದರೆ ಅಣ್ಣ ಬೇಡ ಅಂತಾನೆ. ಎಳೆದುಕೊಂಡು ಹೋದರೆ ಮಸಾಲೆ ದೋಸೆ ತಿಂದು ಇನ್ನೊಂದು ಆರ್ಡರ್ ಮಾಡ್ತಾನೆ. ಮುಂದಿನ ವಾರ ಕರೆದರೆ ಮತ್ತೆ ಬೇಡ. ಇದನ್ನೇ ನಾವು ಸೋಮಾರಿತನ ಅನ್ನೋದು.

ಹಾಗಾದರೆ ಮಾತ್ರೆ ಯಾಕೆ ಅಂತ ಕೇಳಬೇಡಿ. ಮಾತ್ರೆ ಬೇಕೇ ಬೇಕು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ತಂಡ ಹಳ್ಳಿಗಳಲ್ಲಿರುವ ರೋಗಿಗಳನ್ನು ನೋಡಿಕೊಂಡು ಬಂದಿದೆ. ಚಿಕಿತ್ಸೆ ಪಡೆದವರ ದಿನನಿತ್ಯದ ಬದುಕು ಪಡೆಯದವರಿಗಿಂತ ಚೆನ್ನಾಗಿತ್ತು ಅಂತ ಅಲ್ಲಿ ಕಂಡಿದೆ. ಆದರೆ 1950ರ ದಶಕದಲ್ಲಿ ಕ್ಲೋರ್‌ಪ್ರೊಮಜಿನ್ ಬಂದಾಗಿನಿಂದ ಇಲ್ಲಿಯವರೆಗೆ ಬಂದ ಮಾತ್ರೆಗಳು ಧ್ವನಿ, ಅನುಮಾನ ತಗ್ಗಿಸಿದಷ್ಟು ಯೋಚನಾಶಕ್ತಿಯನ್ನು ಸರಿ ಮಾಡಿಲ್ಲ. ಅದಕ್ಕೆಂದೇ ತಯಾರಿಸಿದ್ದ ಐಕ್ಲೆಪರ್ಟಿನ್ ಮೇಲೆ ಬಹಳ ಆಸೆ ಇತ್ತು. 2025ರ ಜನವರಿಯಲ್ಲಿ ಅದರ ಕೊನೆ ಹಂತದ ಪ್ರಯೋಗವೂ ಸೋತಿತು. ಈ ಮಾತ್ರೆಗಳಿಂದ ಬರುವ ಕೈ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆ ನೆನಪಿನ ಶಕ್ತಿಯನ್ನು ಇನ್ನಷ್ಟು ಕುಗ್ಗಿಸಬಹುದು. ನೀವೇ ನಿಲ್ಲಿಸಬೇಡಿ. ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿ.

ಇನ್ನು ಬೈಯೋದು. ಬೈದರೆ ಚುರುಕಾಗ್ತಾನೆ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಲಂಡನ್‌ನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಶುರು ಮಾಡಿದ ಅಧ್ಯಯನಗಳು ಬೇರೆಯೇ ಹೇಳುತ್ತವೆ. ಆಸ್ಪತ್ರೆಯಿಂದ ಟೀಕೆ, ಹಗೆತನ ಜಾಸ್ತಿ ಇರುವ ಮನೆಗೆ ಹೋದವರಲ್ಲಿ ಕಾಯಿಲೆ ಮರುಕಳಿಸೋದು ಜಾಸ್ತಿ. ಅತಿಯಾದ ಮುದ್ದು, ಕಾಳಜಿಯೂ ಅಷ್ಟೇ. ಚಂಡೀಗಢದಲ್ಲೂ ನೋಡಿದರು. 1987ರಲ್ಲಿ ಪ್ರಕಟವಾದ ಆ ಕೆಲಸದ ಪ್ರಕಾರ ಅಲ್ಲಿನ ಮನೆಗಳಲ್ಲಿ ಟೀಕೆ ಲಂಡನ್‌ಗಿಂತ ಕಡಿಮೆ ಇತ್ತು. ನಮ್ಮ ನೆಂಟರ ಮನೆಗಳಿಗೆ ಅವರು ಬರಲಿಲ್ಲ ಅಷ್ಟೇ.

ಯೋಚನಾಶಕ್ತಿಗೆ ಸದ್ಯ ಇರುವ ದಾರಿ ಅಭ್ಯಾಸ. ನಿಮ್ಹಾನ್ಸ್‌ನವರು ಮನೆಯಲ್ಲೇ ಮಾಡುವಂಥ ಅಭ್ಯಾಸ ರೂಪಿಸಿದ್ದಾರೆ. ಬೆರೆಸಿಟ್ಟ ಕಾಳು ಬೇರ್ಪಡಿಸೋದು, ಹಾಳೆ ತುಂಬ ಇರುವ ಅಕ್ಷರಗಳಲ್ಲಿ ಹೇಳಿದ್ದನ್ನು ಮಾತ್ರ ಹೊಡೆದುಹಾಕೋದು, ಇಂಥವು. ದುಬಾರಿ ಯಂತ್ರ ಏನೂ ಬೇಡ. ಹೇಳಿಕೊಡುವವರು ಬೇಕು, ಅವರು ತಾಲ್ಲೂಕಿನಲ್ಲೇ ಸಿಗಬೇಕು. ಈಗ ತಿಂಗಳ ಚೆಕಪ್ ಹೇಗೆ ನಡೆಯುತ್ತೆ ಅಂದರೆ: ನಿದ್ದೆ ಬರುತ್ತಾ, ಧ್ವನಿ ಕೇಳುತ್ತಾ, ಮಾತ್ರೆ ಖಾಲಿಯಾಯ್ತಾ, ಮುಂದಿನವರು ಬನ್ನಿ. ಸಾಲು ಉದ್ದ ಇರುತ್ತೆ, ಡಾಕ್ಟರ ಪಾಡೂ ಗೊತ್ತು. ಆದರೂ ದಿನವಿಡೀ ಏನು ಮಾಡ್ತಾರೆ, ಯಾವ ಕೆಲಸ ಅರ್ಧಕ್ಕೇ ನಿಲ್ಲುತ್ತೆ ಅಂತ ಕೇಳೋಕೆ ಒಂದು ನಿಮಿಷ ಸಾಕಲ್ವಾ?

ಅವರು ಕೇಳದಿದ್ದರೆ ನೀವೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಏನನ್ನು ಮರೀತಾರೆ, ಯಾವ ಮಾತನ್ನು ತಪ್ಪು ತಿಳೀತಾರೆ, ಒಂದೊಂದೇ ಹೇಳಿದರೆ ಎಷ್ಟು ಮಾಡ್ತಾರೆ. ಯಾರನ್ನು ಕೇಳಬೇಕು ಅಂತಲೇ ಗೊತ್ತಾಗದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಮದುವೆ ಮಾಡಿಸೋ ಸಲಹೆ ಇರುವವರು ಮಾತ್ರ ಕಾಮೆಂಟ್ ಹಾಕಬೇಡಿ, ಪ್ಲೀಸ್.