8 ದಿನಕ್ಕೊಮ್ಮೆ ನೀರು ಕೊಟ್ಟ ಅಣ್ಣನಿಗೆ ಅಭಿನಂದನೆಗಳು

ಬಳ್ಳಾರಿಯ ನಮ್ಮ ವಾರ್ಡಿನಲ್ಲಿ ಹೊಸ ಫ್ಲೆಕ್ಸ್ ಎದ್ದಿದೆ. ನಡುವೆ ಕೈ ಮುಗಿದ ಅಣ್ಣ, ಸುತ್ತಲೂ ಸ್ಟ್ಯಾಂಪ್ ಸೈಜಿನ ಅಭಿಮಾನಿಗಳು, ಕೆಳಗೆ ದಪ್ಪಕ್ಷರದಲ್ಲಿ "8 ದಿನಕ್ಕೊಮ್ಮೆ ತಪ್ಪದೇ ನೀರು ಕೊಡಿಸುತ್ತಿರುವ ಧೀಮಂತ ನಾಯಕರಿಗೆ ವಾರ್ಡಿನ ಸಮಸ್ತ ಜನತೆಯ ಹೃತ್ಪೂರ್ವಕ ಅಭಿನಂದನೆಗಳು". ಹೋದ ತಿಂಗಳವರೆಗೆ 5 ದಿನಕ್ಕೊಮ್ಮೆ ಬರುತ್ತಿತ್ತು. ಇದನ್ನು ಮಾತ್ರ ಜೋರಾಗಿ ಹೇಳಬೇಡಿ.

1949ರಲ್ಲಿ ಪ್ರಕಟವಾದ ಜಾರ್ಜ್ ಆರ್ವೆಲ್‌ನ '1984' ಕಾದಂಬರಿಯಲ್ಲಿ ಚಾಕೊಲೇಟ್ ರೇಷನ್ನನ್ನು 30 ಗ್ರಾಂನಿಂದ 20ಕ್ಕೆ ಇಳಿಸುತ್ತಾರೆ. ಮಾರನೇ ದಿನವೇ ಟೆಲಿಸ್ಕ್ರೀನಿನಲ್ಲಿ, ಅಂದರೆ ಜನರ ಮೇಲೆ ಕಣ್ಣೂ ಇಡೋ ಸರ್ಕಾರಿ ಟಿವಿಯಲ್ಲಿ, ಸುದ್ದಿ. ರೇಷನ್ನನ್ನು 20 ಗ್ರಾಂಗೆ ಏರಿಸಿದ್ದಕ್ಕೆ ಜನ ಮೆರವಣಿಗೆ ಮಾಡಿ ಅಲ್ಲಿನ ಸರ್ವಾಧಿಕಾರಿ ಬಿಗ್ ಬ್ರದರ್‌ಗೆ ಧನ್ಯವಾದ ಹೇಳಿದರಂತೆ! ಓದಿದವರೆಲ್ಲ ಎಂಥಾ ಭಯಾನಕ ಕಲ್ಪನೆ ಅಂತಾರೆ. ಆರ್ವೆಲ್ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, ಆದರೆ ಪಾಪ, ಕೂಸಾಗಿದ್ದಾಗಲೇ ಇಂಗ್ಲೆಂಡಿಗೆ ಕರಕೊಂಡು ಹೋಗಿಬಿಟ್ಟರು. ಇಲ್ಲೇ ಇದ್ದಿದ್ದರೆ ಅಷ್ಟೆಲ್ಲ ತಲೆ ಕೆಡಿಸಿಕೊಂಡು ಕಲ್ಪಿಸಬೇಕಿರಲಿಲ್ಲ.

ಆ ಕಥೆಯ ಸರ್ಕಾರಕ್ಕೆ ಖರ್ಚು ಎಷ್ಟು ನೋಡಿ. ಹಳೇ ಪೇಪರು ತಿದ್ದೋಕೆ ಒಂದು ಇಡೀ ಸಚಿವಾಲಯ, ಮನೆಯೊಳಗೆ ಆಫ್ ಮಾಡೋಕೇ ಬಾರದ ಟೆಲಿಸ್ಕ್ರೀನು, ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೂ ಪೊಲೀಸರು. ನಾವು ಪಾಪ ಅಷ್ಟು ತೊಂದರೆ ಕೊಡೋ ಜನ ಅಲ್ಲ. ಸ್ಕ್ರೀನನ್ನು ನಾವೇ ಕಂತಿನಲ್ಲಿ ತಗೊಂಡು, ನಾವೇ ರೀಚಾರ್ಜ್ ಮಾಡಿಸಿ, ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತೇವೆ. ಆಲ್ಡಸ್ ಹಕ್ಸ್ಲಿ 1932ರ ತನ್ನ ಕಾದಂಬರಿಯಲ್ಲಿ ಜನರನ್ನು ಖುಷಿಯಾಗಿಡೋಕೆ 'ಸೋಮ' ಅನ್ನೋ ಮಾತ್ರೆ ಹಂಚಿಸಿದ್ದ. ನಮಗೆ ರೀಲ್ಸ್ ಸಾಕು.

'1984'ರಲ್ಲಿ ಪಾರ್ಸನ್ಸ್ ಅನ್ನೋ ಒಬ್ಬನಿದ್ದಾನೆ. ನಿದ್ದೆಯಲ್ಲಿ ಬಿಗ್ ಬ್ರದರ್‌ಗೆ ಧಿಕ್ಕಾರ ಅಂತ ಕನವರಿಸಿದ್ದನ್ನು ಏಳು ವರ್ಷದ ಸ್ವಂತ ಮಗಳೇ ಕೇಳಿಸಿಕೊಂಡು ಹಿಡಿದುಕೊಡುತ್ತಾಳೆ, ಜೈಲಿನಲ್ಲಿ ಕೂತು ಅಪ್ಪ ಅದಕ್ಕೆ ಹೆಮ್ಮೆಪಡುತ್ತಾನೆ. ನಮ್ಮ ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ಹಿರಿಯರೊಬ್ಬರು "ಮೊದಲು 5 ದಿನಕ್ಕೆ ಬರ್ತಿತ್ತಲ್ವಾ?" ಅಂತ ಹಾಕಿದರು. ಅವರು ಚಹಾ ಕುಡಿದು ಲೋಟ ಇಡೋದರೊಳಗೆ ಸ್ಕ್ರೀನ್‌ಶಾಟ್ ಅಣ್ಣನ ಹುಡುಗರ ಕೈಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಅದೇ ಹಿರಿಯರು ಸಾಲಾಗಿ ಕೈ ಮುಗಿಯೋ ಇಮೋಜಿ ಹಾಕಿ, "ನಾನು ಕೇಳಿದ್ದು ತರಕಾರಿ ಗಾಡಿ ಬಗ್ಗೆ" ಅಂದರು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನೀರು ಕೂಡ ಅಷ್ಟು ರಭಸದಲ್ಲಿ ಹರಿದಿರಲಿಕ್ಕಿಲ್ಲ.

ಆ ಇಡೀ ಸಚಿವಾಲಯದ ಕೆಲಸವನ್ನು ನಮ್ಮಲ್ಲಿ ಒಂದು ಫ್ಲೆಕ್ಸ್ ಅಂಗಡಿ ಮಾಡಿ ಮುಗಿಸುತ್ತದೆ. ಕಾದಂಬರಿಯಲ್ಲಿ ಒಬ್ಬ ಭಾಷಣಕಾರ ಶತ್ರು ದೇಶವನ್ನು ಬಾಯಿಗೆ ಬಂದಂತೆ ಬೈಯುತ್ತಿರುವಾಗ ಅವನ ಕೈಗೊಂದು ಚೀಟಿ ಬರುತ್ತದೆ. ಮಾತು ನಿಲ್ಲಿಸದೆ, ದನಿಯೂ ಬದಲಾಗದೆ, ಶತ್ರುವಿನ ಹೆಸರು ಮಾತ್ರ ಬದಲಾಗುತ್ತದೆ. ಆಮೇಲೆ ಹಳೇ ದಾಖಲೆಗಳನ್ನೆಲ್ಲ ತಿದ್ದೋಕೆ ಕಥಾನಾಯಕ ವಿನ್‌ಸ್ಟನ್ 5 ದಿನದಲ್ಲಿ 90 ಗಂಟೆಗೂ ಜಾಸ್ತಿ ದುಡಿಯುತ್ತಾನೆ. ನಮ್ಮ ಅಣ್ಣ ಪಕ್ಷ ಬದಲಿಸಿದ ದಿನ ಅಂಗಡಿಯ ಹುಡುಗ ಒಗ್ಗರಣೆ ಮಿರ್ಚಿ ತಿನ್ನುತ್ತಾ ಎಡಗೈಯಲ್ಲಿ ಮೌಸ್ ಹಿಡಿದು, ಶಾಲಿನ ಬಣ್ಣ ಬದಲಿಸಿ, ಮೇಲಿನ ಸಾಲಿನ ನಾಲ್ಕು ಮುಖ ಎತ್ತಿ ಬೇರೆ ನಾಲ್ಕು ಕೂರಿಸಿ, ಅಣ್ಣನ ಮೀಸೆಗೆ ಇನ್ನೊಂದಿಷ್ಟು ಕಪ್ಪು ಬಳಿದು, ಮಿರ್ಚಿ ಆರೋದರೊಳಗೆ ಪ್ರಿಂಟಿಗೆ ಕೊಟ್ಟ. ಫೈಲಿನ ಹೆಸರು 'ಅಭಿನಂದನೆ ಫೈನಲ್ ಫೈನಲ್ 3'.

ಅಂದಹಾಗೆ ಪ್ಲಾಸ್ಟಿಕ್ ಫ್ಲೆಕ್ಸುಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ನಿಷೇಧ ಮಾಡಿದ್ದಕ್ಕೂ ಯಾರಾದರೂ ಅಭಿನಂದನೆಯ ಫ್ಲೆಕ್ಸ್ ಹಾಕಿಸಿದ್ದರೆ ನನಗೇನೂ ಆಶ್ಚರ್ಯ ಇಲ್ಲ.

"ನಾಳೆ 10 ದಿನಕ್ಕೊಮ್ಮೆ ಆದ್ರೆ ಇಡೀ ಬೋರ್ಡು ಮತ್ತೆ ಮಾಡಬೇಕಲ್ಲಪ್ಪಾ" ಅಂತ ಆ ಹುಡುಗನನ್ನು ಕೇಳಿದೆ.

"ಇಲ್ರೀ ಸರ್" ಅಂದ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ಎರಡಂಕಿ ಕೂರೋವಷ್ಟು ಜಾಗ ಈಗ್ಲೇ ಬಿಟ್ಟೀನಿ."